ಕಟೌಟಿನ ನೆರಳಿನಲ್ಲಿ ನಮ್ಮ ಮಕ್ಕಳು

ಹದಿಹರೆಯದವರ ಮೇಲೆ ದೂರು ಹೇಳುವುದು ವಯಸ್ಸಾದವರಿಗೆ ಬಲು ಪ್ರಿಯವಾದ ಕಾಯಕ. ಸ್ಮರಣ ಸಂಚಿಕೆಗಳಲ್ಲಿ ಅಂಥ ಲೇಖನ ಒಂದಾದರೂ ಇರುವುದು ವಾಡಿಕೆ. ‘ಈಗಿನ ಮಕ್ಕಳು’ ಎಂದು ಆರಂಭವಾಗಿ ‘ನಮ್ಮ ಕಾಲದಲ್ಲಿ’ ಎಂದು ಮುಗಿಯುವ ಆ ಬಗೆಯ ಬರಹವನ್ನು ಓದುಗರು ಇಲ್ಲಿ ನಿರೀಕ್ಷಿಸಬಾರದೆಂದು ಮೊದಲೇ ವಿಜ್ಞಾಪಿಸಿಕೊಳ್ಳುತ್ತೇವೆ. ನಮ್ಮ ದೂರು ದೊಡ್ಡವರ ಮೇಲೆ. ಊರ ನಡುವೆ ತಾಳೆಮರದೆತ್ತರದ ಕಟೌಟು ನಿಲ್ಲಿಸುವವರು ದೊಡ್ಡವರು, ಅದಕ್ಕೆ ಹಣ ಹೂಡುವವರು ದೊಡ್ಡವರು, ಅದರಿಂದ ಹಣ ಬಾಚುವವರೂ ದೊಡ್ಡವರು. ಕಂಬ ಹತ್ತಿ ಹಾಲೆರೆಯುವವನು ಮಾತ್ರ ಹದಿನೇಳು ವರ್ಷದ ಹುಡುಗ. ಅವನು ಬಿದ್ದರೆ ‘ಹುಚ್ಚು ಹುಡುಗ’ ಎಂಬ ಬಿರುದನ್ನು ಅವನಿಗೇ ಕಟ್ಟುತ್ತೇವೆ.

ಬಿದ್ದವರ ಲೆಕ್ಕವನ್ನು ಒಮ್ಮೆ ನೋಡೋಣ. 2024ರ ಜನವರಿ 8 ನಟ ಯಶ್ ಅವರ ಹುಟ್ಟುಹಬ್ಬ. ಅದನ್ನು ಸ್ವಾಗತಿಸಲೆಂದು ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿ ಎಂಬ ಹಳ್ಳಿಯಲ್ಲಿ ಹುಡುಗರು ರಾತ್ರಿ ಹೊತ್ತಿನಲ್ಲಿ ಕಟೌಟು ಎತ್ತಿ ನಿಲ್ಲಿಸುತ್ತಿದ್ದರು. ಅದರ ಚೌಕಟ್ಟು ವಿದ್ಯುತ್ ತಂತಿಗೆ ತಗುಲಿತು. ಸ್ಥಳದಲ್ಲೇ ಮೂವರು ಸತ್ತರು. ಅವರ ವಯಸ್ಸು 19, 20, 21. ನಟರು ಸಂಜೆಗೆ ಆ ಹಳ್ಳಿಗೆ ಬಂದು ಮನೆಯವರನ್ನು ಕಂಡರು, ನೊಂದುಕೊಂಡರು, ಅಭಿಮಾನವನ್ನು ಈ ಬಗೆಯಲ್ಲಿ ತೋರಿಸಬೇಡಿರೆಂದು ಕೇಳಿಕೊಂಡರು. ಅವರ ದುಃಖ ನಿಜವೆಂದೇ ನಾವು ನಂಬುತ್ತೇವೆ. ಆದರೆ ಅದಕ್ಕೆ ಒಂದು ವರ್ಷ ಹಿಂದೆ, 2023ರ ಜನವರಿಯಲ್ಲಿ, ಚೆನ್ನೈಯ ಚಿತ್ರಮಂದಿರವೊಂದರ ಮುಂದೆ ಅಜಿತ್ ಅವರ ‘ತುಣಿವು’ ಚಿತ್ರದ ನಡುರಾತ್ರಿಯ ಪ್ರದರ್ಶನಕ್ಕೆ ಬಂದಿದ್ದ 19 ವರ್ಷದ ಹುಡುಗನೊಬ್ಬ ಲಾರಿಯ ಮೇಲೆ ಕುಣಿದು ಕೆಳಗೆ ಹಾರಿ ಪ್ರಾಣ ಬಿಟ್ಟಿದ್ದ. ಆ ಸುದ್ದಿ ಸೂರಣಗಿಗೆ ತಲುಪಿರಲಿಲ್ಲವೇ? ತಲುಪಿರುತ್ತದೆ. ಆದರೆ ಸಾವಿನ ಸುದ್ದಿ ಒಂದು ದಿನದ್ದು, ಕಟೌಟಿನ ಸಂಭ್ರಮ ವರ್ಷವಿಡೀ ಇರುವುದು.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ, ಗೆದ್ದ ಕ್ರಿಕೆಟ್ ಆಟಗಾರರನ್ನು ಕಣ್ಣಾರೆ ಕಾಣಲು ಬಂದವರ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು, ಅವರಲ್ಲಿ ಶಾಲಾ ಬಾಲಕಿಯೂ ಇದ್ದಳು. ಅದೇ ವರ್ಷ ಸೆಪ್ಟೆಂಬರ್ 27ರಂದು ನಮಗೆ ಇನ್ನೂ ಹತ್ತಿರದಲ್ಲಿ, ಕರೂರಿನಲ್ಲಿ, ನಟ ವಿಜಯ್ ಅವರ ರಾಜಕೀಯ ಸಭೆಯಲ್ಲಿ 41 ಮಂದಿ ಉಸಿರುಗಟ್ಟಿ ಮಡಿದರು. ಅವರಲ್ಲಿ ಹೆಂಗಸರಿದ್ದರು, ಕೈಗೂಸುಗಳನ್ನೊಳಗೊಂಡು ಮಕ್ಕಳಿದ್ದರು. ಅಂದು ಅವರು ಕರೂರಿಗೆ ಬಂದದ್ದು ನಾಮಕ್ಕಲ್ಲಿನ ಸಭೆ ಮುಗಿಸಿಕೊಂಡು. ನಾಮಕ್ಕಲ್ 1997ರ ತನಕ ನಮ್ಮ ಸೇಲಂ ಜಿಲ್ಲೆಯದೇ ಭಾಗ. ಹೊಣೆ ಯಾರದೆಂಬುದನ್ನು ತನಿಖೆಯೂ ನ್ಯಾಯಾಲಯವೂ ನೋಡಿಕೊಳ್ಳಲಿ. ನಮ್ಮ ಪ್ರಶ್ನೆ ಬೇರೆ. ಎಳೆಗೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಉರಿಬಿಸಿಲಿನಲ್ಲಿ ಗಂಟೆಗಟ್ಟಲೆ ಕಾಯುವಷ್ಟು ದೊಡ್ಡ ದರ್ಶನಫಲ ಒಬ್ಬ ಸಿನಿಮಾ ನಟನ ಮುಖಕ್ಕೆ ಎಲ್ಲಿಂದ ಬಂತು?

ತೆರೆಯಿಂದ ಬಂತು ಎಂಬುದು ಸುಲಭದ ಉತ್ತರ. ತೆರೆ ಮೊದಲೂ ಇತ್ತು, ಅದರ ಮೇಲೆ ಈಗ ಏನನ್ನು ಮಾರುತ್ತಿದ್ದಾರೆ ಎಂಬುದನ್ನು ನೋಡಬೇಕು. ಇಂದಿನ ಬಹುಪಾಲು ದೊಡ್ಡ ಚಿತ್ರಗಳಲ್ಲಿ ನಾಯಕನು ಕಾಣಿಸುವ ಮುನ್ನ ಅವನ ವಸ್ತುಗಳು ಕಾಣಿಸುತ್ತವೆ. ಮೊದಲು ಬೂಟು, ಆಮೇಲೆ ಕೈಗಡಿಯಾರ, ಆಮೇಲೆ ಕಾರಿನ ಬಾಗಿಲು, ಆಮೇಲೆ ಸಿಗರೇಟಿನ ಹೊಗೆ, ಎಲ್ಲಕ್ಕೂ ಕೊನೆಯಲ್ಲಿ ಮುಖ. ಒಬ್ಬ ಮನುಷ್ಯ ಏನು ಎಂಬುದನ್ನು ಅವನಲ್ಲಿ ಏನಿದೆ ಎಂಬುದರಿಂದಲೇ ಹೇಳುವ ಈ ವ್ಯಾಕರಣವನ್ನು ಹುಡುಗರು ಪರೀಕ್ಷೆಯ ವ್ಯಾಕರಣಕ್ಕಿಂತ ಬೇಗ ಕಲಿಯುತ್ತಾರೆ. ಶಾಲೆಯಲ್ಲಿ ಮೂರು ವರ್ಷ ಹೇಳಿದರೂ ಹತ್ತದ ವಿಭಕ್ತಿ ಪ್ರತ್ಯಯಗಳು ಇಲ್ಲಿ ಮೂರು ಗಂಟೆಯಲ್ಲಿ ಹತ್ತಿಬಿಡುತ್ತವೆ.

‘ಕೆ.ಜಿ.ಎಫ್.’ ಚಿತ್ರವನ್ನೇ ತೆಗೆದುಕೊಳ್ಳೋಣ. 2018ರಲ್ಲಿ ಮೊದಲ ಭಾಗ, 2022ರ ಏಪ್ರಿಲ್‌ನಲ್ಲಿ ಎರಡನೆಯ ಭಾಗ. ಕನ್ನಡ ಚಿತ್ರವೊಂದು ಭಾರತವಿಡೀ ಓಡಿತೆಂದು ನಮ್ಮ ಸಂಘಗಳಲ್ಲಿ ಸಿಹಿ ಹಂಚಿದವರುಂಟು. ತಾಂತ್ರಿಕ ಕೌಶಲದಲ್ಲಿ ಅದು ಕಡಿಮೆಯದಲ್ಲ, ಒಪ್ಪಿಕೊಳ್ಳುತ್ತೇವೆ. ಆದರೆ ಕಥೆಯ ಬೀಜವೇನು? ಬಡತನದಲ್ಲಿ ಸಾಯುವ ತಾಯಿ ಮಗನಿಂದ ಮಾತು ತೆಗೆದುಕೊಳ್ಳುತ್ತಾಳೆ: ಸಾಯುವಾಗ ಸಿರಿವಂತನಾಗಿ, ಪ್ರಬಲನಾಗಿ ಸಾಯಬೇಕು ಎಂದು. ಹೇಗೆ ಬದುಕಬೇಕೆಂಬ ಮಾತು ಅದರಲ್ಲಿಲ್ಲ. ತಾಯಿಯ ಮಾತು ವೇದವಾಕ್ಯವೆಂಬ ನಮ್ಮ ಹಳೆಯ ನಂಬಿಕೆಯನ್ನು ಚಿನ್ನದ ದಾಹಕ್ಕೆ ಮುದ್ರೆಯಾಗಿ ಒತ್ತಿದ್ದಾರೆ. ಎರಡನೆಯ ಭಾಗ ಬಂದ ಮುಂದಿನ ತಿಂಗಳೇ ಹೈದರಾಬಾದಿನಲ್ಲಿ 15 ವರ್ಷದ ಬಾಲಕನೊಬ್ಬ ಆ ನಾಯಕನಂತಾಗಲು ಒಂದು ಪೊಟ್ಟಣ ಸಿಗರೇಟನ್ನು ಸೇದಿ ಆಸ್ಪತ್ರೆ ಸೇರಿದನೆಂದು ಪತ್ರಿಕೆಗಳು ಬರೆದವು.

ನಿಜವಾದ ಕೆ.ಜಿ.ಎಫ್. ನಮಗೆ ಕಥೆಯಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಆರಂಭಿಸಿ, 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿದ ಆ ಗಣಿಗಳಿಗೆ ಕೂಲಿಗಳು ಹೋದದ್ದು ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಮತ್ತು ನಮ್ಮ ಈ ಹಳೆಯ ಸೇಲಂ ಜಿಲ್ಲೆಯಿಂದ. ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದು, ಬಂಡೆ ಸಿಡಿತಕ್ಕೆ ಎದೆಯೊಡ್ಡಿ, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಲ್ಲಾಗಿ ಸತ್ತವರು ಅವರು. ಸುಮಾರು 800 ಟನ್ ಚಿನ್ನ ಅಲ್ಲಿಂದ ಹೊರಬಿತ್ತೆಂದು ಲೆಕ್ಕ. ಅದನ್ನು ತೆಗೆದವರ ಮೊಮ್ಮಕ್ಕಳು ಇಂದಿಗೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಧರ್ಮಪುರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಹೋಗುವವರ ಪಾಡೂ ಇದೇ. ಆ ಹುಡುಗರು ದುಡಿದ ಹಣದಲ್ಲಿ ಟಿಕೆಟು ಕೊಂಡು, ಗಣಿಯಲ್ಲಿ ಬೆವರಿಳಿಸಿದವರನ್ನು ಹಿನ್ನೆಲೆಯ ಗುಂಪನ್ನಾಗಿ ಮಾಡಿ ಒಬ್ಬನೇ ಒಬ್ಬನನ್ನು ಚಿನ್ನದ ಒಡೆಯನನ್ನಾಗಿ ನಿಲ್ಲಿಸಿದ ಚಿತ್ರಕ್ಕೆ ಸಿಳ್ಳೆ ಹೊಡೆಯುತ್ತಾರೆ. ತಾತನ ಎದೆಯ ಧೂಳಿಗೆ ಮೊಮ್ಮಗನ ಸಿಳ್ಳೆ. ಇದಕ್ಕೆ ಏನೆನ್ನಬೇಕು?

ಚಿತ್ರ ತೆಗೆದವರು ಒಂದು ಸಮಾಧಾನ ಹೇಳಬಹುದು. ಕಡೆಯಲ್ಲಿ ನಾಯಕ ಚಿನ್ನದ ಸಮೇತ ಸಮುದ್ರದಲ್ಲಿ ಮುಳುಗುತ್ತಾನಲ್ಲ, ಅದೇ ನೀತಿಯಲ್ಲವೇ ಎಂದು. ಈ ವಾದ ಹೊಸತೇನೂ ಅಲ್ಲ. ಎರಡೂವರೆ ಗಂಟೆ ಕಳ್ಳು ಕುಡಿಸಿ ಕಡೆಯ ಐದು ನಿಮಿಷ ಮಜ್ಜಿಗೆಯ ಗುಣಗಾನ ಮಾಡುವುದು ನಮ್ಮ ಚಿತ್ರೋದ್ಯಮದ ಸನಾತನ ಧರ್ಮ. ಹುಡುಗರು ಮನೆಗೆ ಒಯ್ಯುವುದು ಗಡ್ಡ, ನಡಿಗೆ, ಹೊಗೆ ಬಿಡುವ ಭಂಗಿ ಇವುಗಳನ್ನು. ಮುಳುಗುವ ಹಡಗನ್ನು ಯಾವ ಕ್ಷೌರದಂಗಡಿಯ ಗೋಡೆಯ ಮೇಲೂ ನಾವು ಕಂಡಿಲ್ಲ.

ಹೊಗೆಯ ಮಾತು ಬಂದದ್ದರಿಂದ ಒಂದು ಹಳೆಯ ಪ್ರಸಂಗವನ್ನು ಹೇಳಬೇಕು. 2002ರಲ್ಲಿ ರಜನೀಕಾಂತ್ ಅವರ ‘ಬಾಬಾ’ ಬಂದಾಗ, ನಾಯಕ ಸಿಗರೇಟು ಸೇದುವುದನ್ನು ನೋಡಿ ಎಳೆಯರು ಕೆಡುತ್ತಾರೆಂದು ಡಾಕ್ಟರ್ ರಾಮದಾಸ್ ಅವರು ಆಕ್ಷೇಪವೆತ್ತಿದರು. ಅವರ ಪಕ್ಷದವರಿಗೂ ಅಭಿಮಾನಿಗಳಿಗೂ ನಡುವೆ ಘರ್ಷಣೆಗಳಾದದ್ದು ತಮಿಳುನಾಡಿನ ಈ ಉತ್ತರದ ಜಿಲ್ಲೆಗಳಲ್ಲೇ. ನಾವು ಯಾವ ಪಕ್ಷಕ್ಕೂ ಸೇರಿದವರಲ್ಲ. ಚಿತ್ರಮಂದಿರದ ಮೇಲೆ ಕಲ್ಲು ತೂರುವುದು ವಾದವಲ್ಲವೆಂಬುದನ್ನೂ ಬಲ್ಲೆವು. ಆದರೆ ಅಂದು ಎತ್ತಿದ ಆಕ್ಷೇಪ ಸರಿಯಾದದ್ದೇ ಆಗಿತ್ತು. ಮುಂದೆ ಅವರ ಮಗ ಕೇಂದ್ರದ ಆರೋಗ್ಯ ಮಂತ್ರಿಯಾಗಿ ತೆರೆಯ ಮೇಲೆ ಧೂಮಪಾನವನ್ನೇ ನಿಷೇಧಿಸಲು ಹೊರಟಾಗ ದೆಹಲಿಯ ಉಚ್ಚ ನ್ಯಾಯಾಲಯ 2009ರಲ್ಲಿ ಅದನ್ನು ತಳ್ಳಿಹಾಕಿತು. ಕಡೆಗೆ ಉಳಿದದ್ದು ತೆರೆಯ ಮೂಲೆಯಲ್ಲಿ ಇರುವೆಯ ಗಾತ್ರದ ಅಕ್ಷರಗಳ ಎಚ್ಚರಿಕೆ. ನಾಯಕನ ಹೊಗೆ ಇಡೀ ತೆರೆಯನ್ನು ತುಂಬಿರುವಾಗ ಆ ಮೂಲೆಯ ಅಕ್ಷರವನ್ನು ಓದುವವರು ನಿವೃತ್ತ ಮುಖ್ಯೋಪಾಧ್ಯಾಯರು ಮಾತ್ರವೆಂದು ತೋರುತ್ತದೆ.

ಸಿನಿಮಾವೇ ಈ ಹುಚ್ಚನ್ನು ಕನ್ನಡಿಯಲ್ಲಿ ನೋಡಿಕೊಂಡದ್ದಿಲ್ಲವೇ? ಉಂಟು, ಬಹಳ ಅಪರೂಪವಾಗಿ. 1971ರಲ್ಲಿ ಹೃಷೀಕೇಶ ಮುಖರ್ಜಿಯವರು ಹಿಂದಿಯಲ್ಲಿ ‘ಗುಡ್ಡಿ’ ಎಂಬ ಚಿತ್ರ ಮಾಡಿದರು. ಜಯಾ ಭಾದುರಿ ಅದರಲ್ಲಿ ಶಾಲಾ ಬಾಲಕಿ. ಧರ್ಮೇಂದ್ರನೆಂದರೆ ಅವಳಿಗೆ ಪ್ರಾಣ. ತೆರೆಯ ಮೇಲಿನ ಧೀರನೇ ನಿಜವೆಂದು ನಂಬಿ, ತನ್ನನ್ನು ಮೆಚ್ಚಿದ ಸಾಮಾನ್ಯ ಯುವಕನನ್ನು ಕಣ್ಣೆತ್ತಿಯೂ ನೋಡಳು. ಮನೆಯ ಹಿರಿಯರು ಅವಳನ್ನು ಹೊಡೆಯುವುದಿಲ್ಲ, ಪೋಸ್ಟರು ಹರಿಯುವುದಿಲ್ಲ. ಧರ್ಮೇಂದ್ರರನ್ನೇ ಕಂಡು ಮಾತಾಡಿ, ಅವರ ಸಹಾಯದಿಂದ ಹುಡುಗಿಯನ್ನು ಸ್ಟುಡಿಯೋದ ಒಳಗೆ ಕರೆದುಕೊಂಡು ಹೋಗುತ್ತಾರೆ. ನಾಯಕನ ಹೆಸರಿನಲ್ಲಿ ಅಪಾಯಕ್ಕೆ ಹಾರುವವನು ಬೇರೊಬ್ಬ, ಹಗಲಿಡೀ ದೀಪ ಹೊರುವವನು ಇನ್ನೊಬ್ಬ, ಅವರಾರ ಹೆಸರೂ ಗೋಡೆಯ ಮೇಲಿಲ್ಲ ಎಂಬುದನ್ನು ಅವಳೇ ಕಣ್ಣಾರೆ ಕಾಣುತ್ತಾಳೆ. ನಟರು ತಮ್ಮ ಹೆಸರಿನಲ್ಲೇ ಬಂದು ತಮ್ಮ ಪ್ರಭಾವಳಿಯನ್ನು ತಾವೇ ಕಳಚಿಟ್ಟ ಆ ಧೈರ್ಯಕ್ಕೆ ನಾವು ಕೈ ಮುಗಿಯುತ್ತೇವೆ. ಇಂದಿನ ಯಾವ ನಾಯಕನಟ ಅಂಥ ಪಾತ್ರಕ್ಕೆ ಒಪ್ಪಿಯಾನು?

ಇತ್ತ ಅಮೆರಿಕದಲ್ಲಿ 2008–09ರಲ್ಲಿ ಲಾಸ್ ಏಂಜಲೀಸಿನ ಕೆಲವು ಹರೆಯದ ಹುಡುಗ ಹುಡುಗಿಯರು ನಟನಟಿಯರ ಮನೆಗಳಿಗೆ ಕನ್ನ ಹಾಕಿದರು. ಯಾವ ತಾರೆ ಯಾವ ದಿನ ಊರಿನಲ್ಲಿಲ್ಲವೆಂಬುದನ್ನು ಅಂತರ್ಜಾಲದಲ್ಲಿ ನೋಡಿಕೊಂಡು ಹೋಗಿ, ಬಟ್ಟೆ, ಬೂಟು, ಕೈಚೀಲ, ಒಡವೆಗಳನ್ನು ಹೊತ್ತುತಂದರು. ಬೆಲೆ ಸುಮಾರು 30 ಲಕ್ಷ ಡಾಲರು. ಸೋಫಿಯಾ ಕೊಪ್ಪೋಲಾ ಎಂಬಾಕೆ ಇದನ್ನೇ 2013ರಲ್ಲಿ ‘ದಿ ಬ್ಲಿಂಗ್ ರಿಂಗ್’ ಎಂಬ ಚಿತ್ರವಾಗಿಸಿದರು. ಆ ಮಕ್ಕಳು ಹಸಿದವರಲ್ಲ, ಅನುಕೂಲಸ್ಥರ ಮನೆಯವರು. ಅವರಿಗೆ ಬೇಕಾದದ್ದು ಬರಿಯ ಬೂಟಲ್ಲ, ತಾರೆಯ ಕಾಲಿನಲ್ಲಿದ್ದ ಬೂಟು. ದೂರದ ಊರಿನ ಕಥೆಯೆಂದು ತಳ್ಳಿಹಾಕುವಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಯೂಟ್ಯೂಬಿನಲ್ಲಿ ಬೈಕ್ ಓಡಿಸಿಯೇ ಹೆಸರಾದ ಯುವಕನೊಬ್ಬ ಕಾಂಚೀಪುರದ ಬಳಿ ಹೆದ್ದಾರಿಯಲ್ಲಿ ಮುಂದಿನ ಚಕ್ರ ಮೇಲೆತ್ತಿ ಸವಾರಿ ಮಾಡಲು ಹೋಗಿ ಬಿದ್ದ. ಅವನ ಚಾಲನಾ ಪರವಾನಗಿಯನ್ನು 10 ವರ್ಷ ಅಮಾನತು ಮಾಡಿದರು. ಇವನನ್ನು ನೋಡಿ ಎಳೆಯರು ದುಬಾರಿ ಬೈಕಿಗಾಗಿ ಮನೆಯಲ್ಲಿ ಹಟ ಹಿಡಿಯುತ್ತಾರೆಂಬ ಮಾತು ಮದ್ರಾಸ್ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಮೈತುಂಬ ರಕ್ಷಾಕವಚ ತೊಟ್ಟವನು ಕೈ ಮುರಿದುಕೊಂಡು ಉಳಿದ. ಅವನನ್ನು ಅನುಕರಿಸಿ ಕೃಷ್ಣಗಿರಿ–ಸೇಲಂ ಹೆದ್ದಾರಿಗೆ ಇಳಿಯುವ ನೇಕಾರನ ಮಗನಿಗೆ ಅಂಥ ಕವಚವೆಲ್ಲಿಯದು? ಅವನ ಬೈಕೇ ಮೂವತ್ತಾರು ಕಂತಿನದು.

ಈಗ ನಮ್ಮ ಸಮವಯಸ್ಕರು ಹೇಳುವ ಮಾತಿಗೆ ಬರೋಣ. ಹಳೆಯ ಚಿತ್ರಗಳು ಹೀಗಿರಲಿಲ್ಲ, ಹಳೆಯ ನಟರು ಹೀಗಿರಲಿಲ್ಲ ಎನ್ನುತ್ತಾರೆ. ಅರ್ಧ ಸತ್ಯ. ಸೇಲಂ ನಗರದ ಯೇರ್ಕಾಡು ರಸ್ತೆಯಲ್ಲಿ ಮಾಡರ್ನ್ ಥಿಯೇಟರ್ಸಿನ ಕಮಾನು ಇನ್ನೂ ನಿಂತಿದೆ. ಟಿ.ಆರ್. ಸುಂದರಂ ಅವರು ಕಟ್ಟಿದ ಆ ಸಂಸ್ಥೆಯಿಂದಲೇ ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ 1938ರಲ್ಲಿ ಹೊರಬಂತು. ಎಂ.ಜಿ.ಆರ್. ಅವರ ‘ಮಂತ್ರಿ ಕುಮಾರಿ’ 1950ರಲ್ಲಿ, ‘ಅಲಿಬಾಬಾ’ 1956ರಲ್ಲಿ ಬಂದವು. ಎಂ.ಜಿ.ಆರ್. ತೆರೆಯ ಮೇಲೆ ಕುಡಿಯುವವರಲ್ಲ, ಸೇದುವವರಲ್ಲ. ರಿಕ್ಷಾ ಎಳೆಯುವವನೂ ದನ ಕಾಯುವವನೂ ಅವರ ಚಿತ್ರಗಳಲ್ಲಿ ನಾಯಕರಾದರು. ನಮ್ಮ ರಾಜಕುಮಾರ್ ಅವರಂತೂ ಹುಟ್ಟಿದ್ದು ತಮಿಳುನಾಡಿನ ತಾಳವಾಡಿ ಸೀಮೆಯ ಗಾಜನೂರಿನಲ್ಲಿ. ಅಂದರೆ ಗಡಿಯ ಈಚೆಯ ನಮ್ಮವರು. 1972ರ ‘ಬಂಗಾರದ ಮನುಷ್ಯ’ದಲ್ಲಿಯೂ ಬಂಗಾರವಿದೆ. ಅಲ್ಲಿ ಅದು ಬಂಜರನ್ನು ಹಸನು ಮಾಡಿದ ಕೈಗಳ ಬಂಗಾರ. ಅದನ್ನು ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದ ಯುವಕರಿದ್ದರೆಂದು ಇಂದಿಗೂ ಹೇಳುವುದುಂಟು. ಐವತ್ತು ವರ್ಷಗಳಲ್ಲಿ ಕನ್ನಡ ತೆರೆ ಆ ಬಂಗಾರದಿಂದ ಈ ಚಿನ್ನಕ್ಕೆ ಬಂದಿದೆ. ಇಷ್ಟು ಸತ್ಯ.

ಇನ್ನರ್ಧವನ್ನು ನಮ್ಮ ಸಮವಯಸ್ಕರು ನುಂಗಿಕೊಳ್ಳುತ್ತಾರೆ. ದುಶ್ಚಟವೊಂದನ್ನೂ ತೆರೆಯ ಮೇಲೆ ಮೆರೆಸದ, ಅಭಿಮಾನಿಗಳನ್ನೇ ದೇವರೆಂದು ಕರೆದ ರಾಜಕುಮಾರ್ ಅವರು 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಬೆಂಗಳೂರಿನಲ್ಲಿ ಏನಾಯಿತು? ಬಸ್ಸುಗಳು ಉರಿದವು, ಗೋಲಿಬಾರಾಯಿತು, ಒಬ್ಬ ಪೊಲೀಸ್ ಪೇದೆಯನ್ನೂ ಸೇರಿಸಿ ಹಲವರು ಸತ್ತರು. ನಟ ಒಳ್ಳೆಯವನಾದರೆ ಆರಾಧನೆ ನಿರಪಾಯಕರವೆಂಬುದು ಅಂದೇ ಸುಳ್ಳಾಯಿತು. ರೋಗ ಇರುವುದು ಆರಾಧನೆಯಲ್ಲೇ. ಮೂರ್ತಿ ಯಾವುದೆಂಬುದು ಆಮೇಲಿನ ಮಾತು.

ಧರ್ಮಪುರಿಯವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 2000ದ ಫೆಬ್ರವರಿ 2ರಂದು ಊರ ಹೊರಗಿನ ಇಲಕ್ಕಿಯಂಪಟ್ಟಿಯಲ್ಲಿ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯರು ಅಧ್ಯಯನ ಪ್ರವಾಸದಿಂದ ಬರುತ್ತಿದ್ದ ಬಸ್ಸಿಗೆ ಬೆಂಕಿಯಿಟ್ಟರು. ಅಂದು ನ್ಯಾಯಾಲಯವೊಂದು ಜಯಲಲಿತಾ ಅವರಿಗೆ ಶಿಕ್ಷೆ ವಿಧಿಸಿತ್ತು. ತೆರೆಯಿಂದ ರಾಜಕಾರಣಕ್ಕೆ ಬಂದು ‘ಅಮ್ಮ’ನಾಗಿದ್ದವರಿಗಾದ ಅವಮಾನವನ್ನು ಸಹಿಸದ ಭಕ್ತರ ಕೋಪಕ್ಕೆ ಮೂವರು ವಿದ್ಯಾರ್ಥಿನಿಯರು ಸುಟ್ಟು ಕರಕಲಾದರು. ಆ ಹೆಣ್ಣುಮಕ್ಕಳು ಯಾರ ವಿರೋಧಿಗಳೂ ಆಗಿರಲಿಲ್ಲ. ಪೈರಿನ ವಿಷಯ ಕಲಿಯಲು ಹೊರಟಿದ್ದರು. ಸೇಲಂ ನ್ಯಾಯಾಲಯ 2007ರಲ್ಲಿ ಮೂವರಿಗೆ ಮರಣದಂಡನೆ ವಿಧಿಸಿತು, ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಅದನ್ನು ಜೀವಾವಧಿಗೆ ಇಳಿಸಿತು, 2018ರಲ್ಲಿ ಅವರ ಬಿಡುಗಡೆಯಾಯಿತು. ಅದು ಪಕ್ಷ ರಾಜಕೀಯ, ಸಿನಿಮಾ ಅಲ್ಲ ಎಂದು ಯಾರಾದರೂ ಬೇರ್ಪಡಿಸಬಹುದು. ಈ ನಾಡಿನಲ್ಲಿ ಅವೆರಡರ ನಡುವಿನ ಗೋಡೆ ಎಲ್ಲಿದೆ ಎಂದು ತೋರಿಸಿದರೆ ನಾವೂ ಬೇರ್ಪಡಿಸುತ್ತೇವೆ. ಕಟೌಟಿಗೆ ಹಾಲೆರೆಯುವ ರಸಿಗರ್ ಮನ್ರಂನ ಹುಡುಗನೇ ನಾಳೆ ಪಕ್ಷದ ವಾರ್ಡು ಕಾರ್ಯದರ್ಶಿ.

ಇನ್ನೊಂದು ಪ್ರಸಂಗ ನಮ್ಮ ಕನ್ನಡ ಕುಟುಂಬಗಳಿಗೆ ಮರೆಯುವಂಥದಲ್ಲ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಅದನ್ನು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಕೀಲುಗಳು ಬಿಗಿಯುತ್ತವೆ. ನಗಲು ಬಾಯಿ ತೆರೆಯದೆ ಕೈಯಡ್ಡ ಹಿಡಿಯುವ ಹುಡುಗಿಯರನ್ನು ತರಗತಿಗಳಲ್ಲಿ ವರ್ಷ ವರ್ಷವೂ ಕಂಡಿದ್ದೇವೆ. ಇದಕ್ಕೆ ಪರಿಹಾರವೆಂದು ಹೊಗೇನಕಲ್ಲಿನಿಂದ ಕಾವೇರಿ ನೀರನ್ನು ಕುಡಿಯಲು ತರುವ ಯೋಜನೆಗೆ 2008ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕೂಡಲೆ ಎರಡೂ ಕಡೆ ಗಲಾಟೆ. ಬೆಂಗಳೂರಿನಲ್ಲಿ ಕನ್ನಡ ಚಿತ್ರರಂಗ ಬೀದಿಗಿಳಿಯಿತು, ತಮಿಳು ಚಿತ್ರಗಳ ಪ್ರದರ್ಶನ ನಿಂತಿತು. ಏಪ್ರಿಲ್ 4ರಂದು ಚೆನ್ನೈಯಲ್ಲಿ ತಮಿಳು ಚಿತ್ರರಂಗ ಉಪವಾಸ ಕೂತಿತು. ಅಲ್ಲಿ ರಜನೀಕಾಂತ್ ಆಡಿದ ಮಾತು ಇಲ್ಲಿಯವರಿಗೆ ಕೆಂಡವಾಯಿತು, ಆಗಸ್ಟಿನಲ್ಲಿ ‘ಕುಸೇಲನ್’ ಬಿಡುಗಡೆಗೆ ಅವರು ವಿಷಾದ ಹೇಳಿದ್ದು ಅಲ್ಲಿಯವರಿಗೆ ಕೆಂಡವಾಯಿತು. ಬೆಂಗಳೂರಿನಲ್ಲಿ ಹುಟ್ಟಿದ ಆ ನಟರ ಪೂರ್ವಿಕರ ಹಳ್ಳಿ ನಾಚ್ಚಿಕುಪ್ಪಂ ಇರುವುದು ಇದೇ ಕೃಷ್ಣಗಿರಿ ಜಿಲ್ಲೆಯಲ್ಲಿ ಎಂಬುದು ಇದರ ಮೇಲೊಂದು ವಿನೋದ.

ತಿಂಗಳುಗಟ್ಟಲೆ ಪತ್ರಿಕೆಗಳನ್ನು ತುಂಬಿದ್ದು ಯಾವ ನಟ ಏನೆಂದನೆಂಬುದು. ಕಂದುಗಟ್ಟಿದ ಹಲ್ಲಿನ ಚಿತ್ರ ಯಾವ ಮುಖಪುಟಕ್ಕೂ ಏರಿದಂತೆ ನಮಗೆ ನೆನಪಿಲ್ಲ. ಪೆನ್ನಾಗರಂ ಕಡೆಯ ಕನ್ನಡದ ಮನೆಗಳ ಹುಡುಗರಿಗೆ ಶಾಲೆಯಲ್ಲಿ ‘ನಿನ್ನ ಹೀರೋ ಯಾರು?’ ಎಂಬ ಪ್ರಶ್ನೆ ಆಗ ತಮಾಷೆಯಾಗಿ ಉಳಿಯಲಿಲ್ಲ. ಯಾವ ಪಕ್ಷದವನೆಂಬ ವಿಚಾರಣೆಯೇ ಆಯಿತು. ನೀರು ಬಂದದ್ದು 2013ರಲ್ಲಿ, ಜಪಾನಿನ ಸಾಲದಿಂದ, ಎಂಜಿನಿಯರುಗಳ ದುಡಿಮೆಯಿಂದ. ಆ ಎಂಜಿನಿಯರುಗಳಲ್ಲಿ ಒಬ್ಬನ ಹೆಸರನ್ನಾದರೂ ನಮ್ಮ ಮಕ್ಕಳಿಗೆ ಹೇಳಿಕೊಟ್ಟವರುಂಟೆ? ಉಪವಾಸ ಕೂತವರ ಹೆಸರುಗಳು ಮಾತ್ರ ಎಲ್ಲರಿಗೂ ಕಂಠಪಾಠ.

ಇಲ್ಲಿಂದ ನಮ್ಮ ಸಂಘಗಳ ವಿಷಯಕ್ಕೆ ಬರುತ್ತೇವೆ. ಸೇಲಂ ಪೇಟೆಯ ದೇವಾಂಗ ನೇಕಾರರ ಮನೆಗಳಲ್ಲಿ, ಹೊಸೂರು, ದೇನ್ಕಣಿಕೋಟೆ, ತಳಿ ಕಡೆಯ ಹಳ್ಳಿಗಳಲ್ಲಿ ಕನ್ನಡ ಮಾತು ಇನ್ನೂ ಜೀವಂತವಾಗಿದೆ. ಅಕ್ಷರ ಮಾತ್ರ ಜಾರುತ್ತಿದೆ. 2006ರ ಕಾಯ್ದೆಯಿಂದ ತಮಿಳು ಕಡ್ಡಾಯವಾಯಿತು. ಅನ್ನ ಕೊಡುವ ನೆಲದ ನುಡಿಯನ್ನು ಕಲಿಯುವುದಕ್ಕೆ ನಮ್ಮ ತಕರಾರಿಲ್ಲ. ಅದರ ಪಕ್ಕದಲ್ಲಿ ಕನ್ನಡವನ್ನು ಕೂರಿಸಬೇಕಾದವರು ಮನೆಯವರು ಮತ್ತು ಸಂಘದವರು. ಆ ಜಾಗವನ್ನು ಖಾಲಿ ಬಿಟ್ಟಲ್ಲಿ ಸಿನಿಮಾ ಬಂದು ಕೂತಿದೆ. ಸೇಲಂನ ಹುಡುಗನೊಬ್ಬನಿಗೆ ಇಂದು ಸಿಕ್ಕುವ ಕನ್ನಡವೆಂದರೆ ಅಜ್ಜಿಯ ಮಾತು ಮತ್ತು ರಾಕಿಭಾಯಿಯ ಮಾತು. ಅಜ್ಜಿ ಹೋದ ಮೇಲೆ ರಾಕಿಭಾಯಿಯೊಬ್ಬನೇ ಮೇಷ್ಟ್ರು. ಬೆಂಗಳೂರಿನ ಮಗುವಿಗೆ ನಟ ಹಲವು ಕನ್ನಡಿಗರಲ್ಲಿ ಒಬ್ಬ. ಇಲ್ಲಿಯ ಮಗುವಿಗೆ ಅವನೇ ಇಡೀ ಕನ್ನಡ. ಆದ್ದರಿಂದ ಅವನ ಗಡಿಯಾರ, ಅವನ ಕಾರು, ಅವನ ಕೊಚ್ಚುವ ಮಚ್ಚು ಇವೆಲ್ಲ ಕನ್ನಡತನದ ಚಿಹ್ನೆಗಳಾಗಿ ಆ ಮನಸ್ಸಿಗೆ ಇಳಿಯುತ್ತವೆ. ನಮಗೆ ಭಯವಿರುವುದು ಇದರಲ್ಲಿ.

ಹೀಗಿರುವಾಗ ಸಂಘಗಳ ರಾಜ್ಯೋತ್ಸವಗಳಲ್ಲಿ ಏನು ನಡೆಯುತ್ತದೆ? ಭುವನೇಶ್ವರಿಯ ಪಟಕ್ಕೆ ಹಾರ ಹಾಕಿದ ಹತ್ತು ನಿಮಿಷಕ್ಕೆ ಎಂಟು ವರ್ಷದ ಕೂಸುಗಳು ಕಪ್ಪು ಕನ್ನಡಕ ಹಾಕಿಕೊಂಡು ಚಿತ್ರಗೀತೆಗೆ ಸೊಂಟ ತಿರುಗಿಸುತ್ತವೆ. ತಾಯಂದಿರು ಮೊಬೈಲಿನಲ್ಲಿ ಹಿಡಿಯುತ್ತಾರೆ. ಮುಖ್ಯ ಅತಿಥಿಯ ಕುರ್ಚಿಗೆ ಧಾರಾವಾಹಿಯ ನಟನಾದರೂ ಬೇಕು. ಅವರ ಕಾರಿನ ಬಾಡಿಗೆ, ಹೋಟೆಲು, ಸಂಭಾವನೆಗೆ ಚಂದಾ ಎತ್ತುತ್ತಾರೆ. ಅದೇ ವೇದಿಕೆಯಲ್ಲಿ ಕನ್ನಡ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದವಳಿಗೆ ಒಂದು ಸ್ಟೀಲ್ ಡಬ್ಬಿ, ಅದೂ ಅತಿಥಿಗಳು ಹೊರಟುಹೋದ ಮೇಲೆ, ಕುರ್ಚಿ ಮಡಚುವ ಸದ್ದಿನ ನಡುವೆ. ಮಗು ಇದನ್ನೆಲ್ಲ ನೋಡುತ್ತದೆ. ಯಾರಿಗೆ ಬೆಲೆ, ಯಾವುದಕ್ಕೆ ಬೆಲೆ ಎಂಬ ಪಾಠವನ್ನು ಅದಕ್ಕೆ ಹೇಳಿಕೊಟ್ಟದ್ದು ಯಾವ ಚಿತ್ರವೂ ಅಲ್ಲ, ಈ ವೇದಿಕೆ.

ಹರೆಯದಲ್ಲಿ ಯಾರನ್ನೂ ಮೆಚ್ಚಬಾರದೆಂದು ನಾವು ಹೇಳುವಷ್ಟು ಒಣಗಿದವರಲ್ಲ. ಮೆಚ್ಚುವ ಶಕ್ತಿ ಆ ವಯಸ್ಸಿನ ಸಂಪತ್ತು. ಪುನೀತ್ ರಾಜಕುಮಾರ್ ಅವರು 2021ರ ಅಕ್ಟೋಬರ್ 29ರಂದು ಅಕಾಲದಲ್ಲಿ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅದನ್ನು ಕಂಡು ಸಾವಿರಾರು ಯುವಕರು ಸಾಲುಗಟ್ಟಿ ನಿಂತು ನೇತ್ರದಾನಕ್ಕೆ ಹೆಸರು ಬರೆಸಿದರು. ಬಸ್ಸಿಗೆ ಕಲ್ಲೆಸೆದ ಅಭಿಮಾನಕ್ಕೆ ಹದಿನೈದು ವರ್ಷಗಳಲ್ಲಿ ಇಷ್ಟು ದಾರಿ ಸಿಕ್ಕಿತಲ್ಲ. ನಟ ಅಜಿತ್ ಅವರು 2011ರಲ್ಲಿ ತಮ್ಮ ಅಭಿಮಾನಿ ಸಂಘಗಳನ್ನೆಲ್ಲ ತಾವೇ ವಿಸರ್ಜಿಸಿದರು. ಲಾರಿಯಿಂದ ಹಾರಿದ ಆ ಹುಡುಗ ಬಂದದ್ದು ಆಮೇಲೆ ಎಂಬುದು ನಿಜ. ನಟನೊಬ್ಬ ಬೇಡವೆಂದ ಮಾತ್ರಕ್ಕೆ ವ್ಯಾಪಾರ ನಿಲ್ಲುವುದಿಲ್ಲ. ಆದರೂ ಬೇಡವೆನ್ನುವ ಎದೆಗಾರಿಕೆ ಒಬ್ಬನಿಗಾದರೂ ಇತ್ತೆಂದು ದಾಖಲಿಸುತ್ತೇವೆ.

ಸಮ್ಮೇಳನಕ್ಕೆ ಬಂದಿರುವ ಸಂಘಗಳ ಪದಾಧಿಕಾರಿಗಳಲ್ಲಿ ನಮ್ಮ ಬೇಡಿಕೆ ದೊಡ್ಡದೇನೂ ಅಲ್ಲ. ಮುಂದಿನ ನವೆಂಬರಿನಲ್ಲಿ ಮುಖ್ಯ ಅತಿಥಿಯ ಕುರ್ಚಿಯಲ್ಲಿ ಹೊಗೇನಕಲ್ ನೀರಿನ ಕೊಳವೆ ನೋಡಿಕೊಳ್ಳುವ ಕೆಲಸಗಾರನನ್ನೋ, ಕೆ.ಜಿ.ಎಫ್. ಗಣಿಯಲ್ಲಿ ದುಡಿದು ಬದುಕುಳಿದ ಮುದುಕನನ್ನೋ ಕೂರಿಸಿ, ಮಕ್ಕಳು ಅವರನ್ನು ಪ್ರಶ್ನೆ ಕೇಳಲಿ. ನಟನಿಗೆ ಕೊಡುವ ಹಣದಲ್ಲಿ ಕನ್ನಡ ಅಕ್ಷರ ಕಲಿಸುವ ಒಬ್ಬ ಉಪಾಧ್ಯಾಯಿನಿಗೆ ಭಾನುವಾರದ ಸಂಬಳ ಸಾಲುತ್ತದೆ. ಬಹುಮಾನ ವಿತರಣೆಯನ್ನು ಕುಣಿತಕ್ಕೆ ಮೊದಲೇ ಇಡಿ. ಮತ್ತು ಒಂದು ಸಂಜೆ, ಸಂಘದ ಸಭಾಂಗಣದಲ್ಲಿ ‘ಗುಡ್ಡಿ’ಯನ್ನು ತೋರಿಸಿ. ಅದು ಹಿಂದಿಯಲ್ಲಿದೆ, ತಮಿಳುನಾಡಿನಲ್ಲಿ ಹಿಂದಿಯ ಹೆಸರೆತ್ತುವುದು ಜೇನುಗೂಡಿಗೆ ಕೈಯಿಟ್ಟಂತೆ ಎಂಬುದನ್ನು ಅರಿತೇ ಹೇಳುತ್ತಿದ್ದೇವೆ. ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುವ ಕೆಲಸ ನಮಗಿರಲಿ. ಚಿತ್ರ ಮುಗಿದ ಮೇಲಿನ ಚರ್ಚೆಯಲ್ಲಿ ಮೊದಲ ಒಂದು ಗಂಟೆ ಹದಿನೆಂಟು ದಾಟದವರಿಗೆ ಮೀಸಲಾಗಲಿ. ಅಧ್ಯಕ್ಷರು, ಕಾರ್ಯದರ್ಶಿಗಳು, ಪೋಷಕರು, ನಮ್ಮಂಥ ನಿವೃತ್ತ ಮೇಷ್ಟ್ರುಗಳು ಹಿಂದಿನ ಸಾಲಿನಲ್ಲಿ ಕುಳಿತು ಬಾಯಿ ಮುಚ್ಚಿಕೊಂಡು ಕೇಳೋಣ. ಪ್ರೊಜೆಕ್ಟರಿನ ಬಾಡಿಗೆಯನ್ನು ನಾವು ಕೊಡುತ್ತೇವೆ.